ಎದುರುಮನೆಯಲ್ಲಿ ಪರಸ್ಥಾನ

ನಾನು ಇಂಗ್ಲೆಂಡಿಗೆ ಹೋದದ್ದು ಹಡಗಿನಲ್ಲಿ ಎಂದರೆ ಈಗಿನ ಹುಡುಗಿಯರಿಗೆ ಹೊಟ್ಟೆಕಿಚ್ಚು. ಸಮುದ್ರ ಹೇಗಿತ್ತು, ಡೆಕ್ಕಿನ ಮೇಲೆ ನಿಂತು ಸೂರ್ಯ ಮುಳುಗುವುದನ್ನು ನೋಡಿದಿರಾ ಎಂದೆಲ್ಲ ಕೇಳುತ್ತಾರೆ. ನನಗಾದರೋ ಹಡಗು ಎಂದ ತಕ್ಷಣ ಕಣ್ಣಿಗೆ ಬರುವುದು ಸರಸ್ವತಿಪುರಂನ ಒಂದು ಮನೆಯ ಮುಂದಿನ ಕೋಣೆ, ಅದರ ಕಬ್ಬಿಣದ ಸರಳಿನ ಕಿಟಕಿ, ಆ ಕಿಟಕಿಯಾಚೆ ಬೀದಿಯ ಅಗಲದಷ್ಟು ದೂರದಲ್ಲಿ ನಮ್ಮದೇ ಮನೆ. ಹಡಗಿನಲ್ಲಿ ಕಳೆದದ್ದಕ್ಕಿಂತ ಹೆಚ್ಚು ದಿನ ನಾನು ಹಡಗಿಗೆ ಪೆಟ್ಟಿಗೆ ಕಟ್ಟಿಕೊಂಡು ಆ ಕೋಣೆಯಲ್ಲಿ ಕೂತಿದ್ದೆ.

ಸೂಯೆಜ್ ಕಾಲುವೆ ಮುಚ್ಚಿದ ವರ್ಷ ಅದು. ನಾನು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಇಂಗ್ಲೆಂಡಿನಲ್ಲಿ ಮೂರು ವರ್ಷದ ತರಬೇತಿಗೆ ಆಯ್ಕೆಯಾಗಿದ್ದೆ. ಹಡಗಿನ ಟಿಕೆಟ್ಟು ಅಲ್ಲಿಯವರದೇ. ನಮ್ಮ ಮನೆಯವರು ಕೊಡಬೇಕಾಗಿದ್ದದ್ದು ಒಪ್ಪಿಗೆಯೊಂದೇ, ಮತ್ತು ಅದನ್ನು ಕೊಡುವ ಅಧಿಕಾರ ಅಪ್ಪನಿಗೆ ಇರಲಿಲ್ಲ. ಹೂಟಗಳ್ಳಿಯಾಚೆಯ ಹಳ್ಳಿಯಿಂದ ಓದಿಕೊಂಡು ಬಂದು ಗುಮಾಸ್ತರಾಗಿದ್ದರೂ ಅಪ್ಪ ದೊಡ್ಡ ಮಾತಿಗೆಲ್ಲ ಊರಿನ ಕಡೆ ನೋಡುತ್ತಿದ್ದರು. ಅಲ್ಲಿ ಹೊಲ ನೋಡಿಕೊಂಡಿದ್ದ ದೊಡ್ಡಪ್ಪ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ದೊಡ್ಡಪ್ಪನಿಗೆ ನಾನು ನರ್ಸಾದದ್ದೇ ಗಂಟಲಲ್ಲಿ ಸಿಕ್ಕಿಕೊಂಡ ತುತ್ತಾಗಿತ್ತು. ಯಾರ್ಯಾರದೋ ಮೈ ಮುಟ್ಟುವ ಕೆಲಸ ಎಂದು ಬಂದಾಗಲೆಲ್ಲ ಹೇಳದೆ ಹೋಗುತ್ತಿರಲಿಲ್ಲ. ಇಂಗ್ಲೆಂಡಿನ ಮಾತು ಕೇಳಿದ ದಿನ ಬಂದು, ಉಂಡು, ಎಲೆ ಅಡಿಕೆ ಹಾಕಿಕೊಂಡು ಸಂಜೆಯವರೆಗೂ ತುಟಿ ಬಿಚ್ಚಲಿಲ್ಲ. ಕೊನೆಗೆ ಮಾತಾಡಿದವಳು ಅವರಮ್ಮ, ನಮ್ಮಜ್ಜಿ. ಅಡುಗೆಮನೆಯ ಬಾಗಿಲಲ್ಲಿ ಅವಳದೊಂದು ಖಾಯಂ ಜಾಗ ಇತ್ತು. ಅಲ್ಲಿಂದಲೇ, ಜೋಯಿಸರ ಹತ್ತಿರ ದಿನ ಕೇಳಿ, ಒಳ್ಳೆಯ ದಿನ ಸಿಕ್ಕಿದರೆ ಹುಡುಗಿ ಪರಸ್ಥಾನ ಹೊರಡಲಿ, ಸಿಗದಿದ್ದರೆ ಬೇಡ ಅಂದಳು. ದೊಡ್ಡಪ್ಪನ ಮುಖ ಅರಳಿತು. ಹೆಣ್ಣುಮಗಳು ಕಡಲು ದಾಟುವುದಕ್ಕೆ ಯಾವ ಪಂಚಾಂಗದಲ್ಲಿ ತಾನೆ ಒಳ್ಳೆಯ ದಿನ ಇರುತ್ತದೆ ಎಂದು ಅವರ ಲೆಕ್ಕ.

ಪರಸ್ಥಾನ ಎಂದರೆ ಈಗಿನವರಿಗೆ ಹೇಳಬೇಕು. ರೈಲು ಹೊರಡುವ ದಿನವೇ ದಿನ ಚೆನ್ನಾಗಿರಬೇಕಲ್ಲ. ಇಲ್ಲದಿದ್ದರೆ ಮುಂಚೆಯೇ ಒಂದು ಒಳ್ಳೆಯ ಗಳಿಗೆ ನೋಡಿ, ಹೊರಡುವವರ ಬಟ್ಟೆಯ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಪ್ರಯಾಣ ಅಂದೇ ಶುರುವಾಯಿತೆಂದು ಅರ್ಥ. ಆಮೇಲೆ ಆ ಗಂಟು ಮನೆಗೆ ವಾಪಸು ಬರಬಾರದು. ಬಂದರೆ ಪ್ರಯಾಣವೇ ಮುರಿದಂತೆ.

ಜೋಯಿಸರು ದಿನ ಕೊಟ್ಟೇಬಿಟ್ಟರು. ಅದು ಹಡಗು ಹೊರಡುವುದಕ್ಕೆ ಬಹಳ ಮುಂಚೆ ಬಂತು. ಅದು ಬಿಟ್ಟರೆ ಧನುರ್ಮಾಸ ಕಳೆಯುವವರೆಗೆ ಬೇರೆ ಇಲ್ಲ ಅಂದರು. ಸರಿ, ಒಂದು ಗಂಟು ಇಟ್ಟರಾಯಿತು ಎಂದು ಅವ್ವ ನನ್ನ ಹಳೆಯ ಸೀರೆ ತೆಗೆದಳು. ಅಜ್ಜಿ ಅಡ್ಡ ಬಂದಳು. "ಗಂಟು ಹೋದ್ರೆ ಗಂಟು ಹೋದಂಗೆ. ಅಷ್ಟು ದೂರಕ್ಕೆ ಗಂಟು ಸಾಲಾಕಿಲ್ಲ. ಆಳೇ ಹೋಗ್ಬೇಕು, ಪೆಟ್ಟಿಗೇನೂ ಹೋಗ್ಬೇಕು," ಅಂದಳು. ದೊಡ್ಡಪ್ಪ ತಲೆಯಾಡಿಸಿದರು. ಹೊಸಿಲು ದಾಟಿದ ಕಾಲು ಹಿಂದಕ್ಕೆ ಬಂದರೆ ಇಂಗ್ಲೆಂಡಿನ ಮಾತು ಅಲ್ಲಿಗೆ ಮುಗಿಯಿತು, ಬರದಿದ್ದರೆ ತಾವು ತಡೆಯುವುದಿಲ್ಲ ಎಂದು ಎಲ್ಲರ ಮುಂದೆ ಮಾತು ಕೊಟ್ಟರು. ತಾಯಿಯ ಮನೆ ಕಣ್ಣೆದುರಿಗೇ ಇಟ್ಟುಕೊಂಡು ಹುಡುಗಿ ಎಷ್ಟು ದಿನ ಹೊರಗಿದ್ದಾಳು ಎಂದುಕೊಂಡಿರಬೇಕು. ನನಗೆ ಅಜ್ಜಿಯ ಮೇಲೆ ಎಂಥ ಸಿಟ್ಟು ಬಂತೆಂದರೆ ಎರಡು ದಿನ ಅವಳು ಕಲೆಸಿ ಕೊಟ್ಟ ತುತ್ತು ತಿನ್ನಲಿಲ್ಲ.

ಪೆಟ್ಟಿಗೆ ಕಟ್ಟುವ ಗಲಾಟೆ ಶುರುವಾಯಿತು. ನಮ್ಮ ಮನೆಯಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ಅವ್ವ ಕಂಡಿದ್ದ ದೊಡ್ಡ ನೀರೆಂದರೆ ಕುಕ್ಕರಹಳ್ಳಿ ಕೆರೆ ಮತ್ತು ಕನ್ನಂಬಾಡಿ ಕಟ್ಟೆ. ಹಡಗಿನಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ಕೇಳುವುದಕ್ಕೂ ಜನ ಇರಲಿಲ್ಲ. ಹಾಗಾಗಿ ಏನೂ ಸಿಗುವುದಿಲ್ಲ ಎಂದೇ ತೀರ್ಮಾನವಾಯಿತು. ಹುರಿಹಿಟ್ಟು, ಸಾರಿನ ಪುಡಿ, ಚಟ್ನಿಪುಡಿ, ಕೊಬ್ಬರಿ ಮಿಠಾಯಿ, ಚಕ್ಕುಲಿ, ಹೊಟ್ಟೆ ತೊಳಸಿದರೆ ಬಾಯಿಗೆ ಹಾಕಿಕೊಳ್ಳಲು ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ, ಬಾಯಿಗೆ ಬಟ್ಟೆ ಕಟ್ಟಿ ಅರಗು ಹಾಕಿದ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿ. ಚಳಿಗೆ ಒಂದು ಕೋಟು. ಅದನ್ನು ಹೊಲಿದ ಟೈಲರು ಅಲ್ಲಿಯವರೆಗೆ ಬ್ಯಾಂಡಿನವರಿಗೆ ಮಾತ್ರ ಕೋಟು ಹೊಲಿದಿದ್ದವನು. ಹಿತ್ತಾಳೆ ಗುಂಡಿ ಸಾಲಾಗಿ ಇಟ್ಟು, ಭುಜಕ್ಕೆ ಪಟ್ಟಿ ಬೇರೆ ಕೊಟ್ಟಿದ್ದ. ಹಾಕಿಕೊಂಡು ನಿಂತರೆ ಕೈಯಲ್ಲೊಂದು ಕಹಳೆ ಕಡಮೆ, ಅಷ್ಟೇ.

ಎಲ್ಲಕ್ಕೂ ಕೆಳಗೆ, ಪೆಟ್ಟಿಗೆಯ ತಳದಲ್ಲಿ, ನನ್ನ ಜೊತೆಯ ನರ್ಸುಗಳು ಬೀಳ್ಕೊಡುವಾಗ ಕೊಟ್ಟಿದ್ದ ಸಿರಿಂಜಿನ ಸ್ಟೀಲ್ ಡಬ್ಬ ಇಟ್ಟೆ. ನನ್ನದು ಎಂದು ನಾನು ಇಟ್ಟದ್ದು ಅದೊಂದೇ.

ಆ ಬೆಳಿಗ್ಗೆ ಮೊಸರನ್ನ ತಿನ್ನಿಸಿ ಆರತಿ ಎತ್ತಿದರು. ಹೊರಟವರು ತಿರುಗಿ ನೋಡಬಾರದು ಎಂದು ಅಜ್ಜಿ ಅಡುಗೆಮನೆ ಬಾಗಿಲಿಂದಲೇ ಹೇಳಿದಳು. ನಾನು ಸಿಟ್ಟಿನಲ್ಲಿದ್ದೆ, ಅವಳು ಹೇಳದಿದ್ದರೂ ತಿರುಗುತ್ತಿರಲಿಲ್ಲ. ಬೀದಿಯ ಹೆಂಗಸರೆಲ್ಲ ಬಂದು ಹೂವು ಮುಡಿಸಿ, ಕಣ್ಣೊರೆಸಿಕೊಂಡು, ಹೋಗಿ ಬಾ ಅಂದರು. ಅವ್ವ ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟೆಲ್ಲ ಆಗಿ ನಾನು ಬೀದಿ ದಾಟಿ ಎದುರುಮನೆಯ ಗೇಟು ತೆಗೆದೆ.

ಎದುರುಮನೆಯಲ್ಲಿದ್ದವರು ಒಬ್ಬ ಟೀಚರಮ್ಮ. ಒಂಟಿ ಜೀವ, ಪ್ರೈಮರಿ ಶಾಲೆಯ ಕೆಲಸ, ಮನೆಯ ತುಂಬ ಕಟ್ಟುಪಾಡು. ಲೋಟ ಬೋರಲು ಹಾಕಬೇಕು, ಚಾಪೆ ಬಲದಿಂದ ಎಡಕ್ಕೆ ಸುತ್ತಬೇಕು, ಹೊರಗಿಂದ ಬಂದವರು ಯಾರೇ ಆಗಲಿ ಕಾಲು ತೊಳೆದೇ ಒಳಗೆ ಬರಬೇಕು. ಒಳ್ಳೆಯವರೇ. ಆದರೆ ಒಳ್ಳೆಯವರ ಮನೆಯಲ್ಲಿ ನೆಂಟರಾಗಿ ಇರುವುದೆಂದರೆ ಉಸಿರನ್ನೂ ಕೇಳಿ ಬಿಡಬೇಕು. ನಡುಮನೆಯಲ್ಲಿ ಒಂದು ತೂಗುಮಣೆ ಇತ್ತು. ಹಡಗು ಹೀಗೆಯೇ ತೂಗುತ್ತದೆ, ಅಭ್ಯಾಸ ಮಾಡಿಕೋ ಎಂದು ನನ್ನನ್ನು ಅದರ ಮೇಲೆ ಕೂರಿಸಿ, ತಾವೇ ಒಂದು ಕೈಯಲ್ಲಿ ತೂಗುತ್ತ, ಇನ್ನೊಂದು ಕೈಯಲ್ಲಿ ಊಟ ಬಡಿಸುತ್ತಿದ್ದರು. ಸಾರು ಸೀರೆಯ ಮೇಲೆ ಬಿದ್ದರೆ ಅಲೆ ದೊಡ್ಡದಿತ್ತು ಅನ್ನುತ್ತಿದ್ದರು.

ಕೆಲವು ದಿನದ ಮಾತು ಎಂದು ನಕ್ಕುಕೊಂಡಿದ್ದೆ. ಆಗ ಬೊಂಬಾಯಿಯ ಹಡಗಿನ ಕಂಪನಿಯಿಂದ ತಂತಿ ಬಂತು. ಹಡಗುಗಳೆಲ್ಲ ಆಫ್ರಿಕಾ ಸುತ್ತಿಕೊಂಡು ಬರುತ್ತಿವೆ, ನಿಮ್ಮದು ತಡವಾಗುತ್ತದೆ, ಮತ್ತೆ ತಿಳಿಸುವವರೆಗೆ ಊರಲ್ಲೇ ಇರಿ ಎಂದು. ಕಾಲುವೆ ಮುಚ್ಚಿದ ಸುದ್ದಿ ಪೇಪರಿನಲ್ಲಿ ಯಾವಾಗಲೋ ಬಂದಿತ್ತು. ಅಪ್ಪ ಅದನ್ನು ಗಟ್ಟಿಯಾಗಿ ಓದಿಯೂ ಇದ್ದರು. ನಕ್ಷತ್ರ, ವಾರ, ರಾಹುಕಾಲ ಎಲ್ಲ ನೋಡಿದ ನಮ್ಮ ಮನೆಯಲ್ಲಿ ಆ ಕಾಲುವೆಯ ಮೇಲೇ ನನ್ನ ಹಡಗು ಹೋಗಬೇಕು ಎಂದು ಒಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಅಲ್ಲಿಂದ ನನ್ನ ಸೆರೆವಾಸ. ಆಸ್ಪತ್ರೆಯ ಕೆಲಸ ಬಿಟ್ಟಾಗಿತ್ತು. ಬೀದಿಗೆ ಇಳಿದರೆ ಹೂವು ಮುಡಿಸಿ ಕಳಿಸಿದವರೇ ಎದುರಾಗಿ, ಇನ್ನೂ ಹೋಗಲಿಲ್ಲವಾ ಅನ್ನುತ್ತಿದ್ದರು. ಒಬ್ಬರಂತೂ ಹೋಗಿ ಬಂದುಬಿಟ್ಟೆಯಾ ಎಂದು ಕೇಳಿದರು. ಆಮೇಲೆ ನಾನು ಗೇಟಿನಾಚೆ ಹೋಗುವುದನ್ನೇ ಬಿಟ್ಟೆ. ಬೆಳಗಿನಿಂದ ಸಂಜೆಯವರೆಗೆ ಕಿಟಕಿಯ ಸರಳು ಹಿಡಿದು ನಮ್ಮ ಮನೆಯನ್ನು ನೋಡುತ್ತಿದ್ದೆ. ಅವ್ವ ಒರಳಲ್ಲಿ ರುಬ್ಬುವ ಸದ್ದು ಕೇಳುತ್ತಿತ್ತು. ಮಸೊಪ್ಪಿನ ಒಗ್ಗರಣೆ ಬಿದ್ದರೆ ವಾಸನೆ ಇಲ್ಲಿಗೇ ಬರುತ್ತಿತ್ತು. ಅಪ್ಪ ಕಚೇರಿಯಿಂದ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಒಂದು ಸಲ ಕಿಟಕಿಯ ಕಡೆ ನೋಡಿ, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ನನ್ನ ಮನೆ ನನಗೆ ಅಷ್ಟು ಚೆನ್ನಾಗಿ ಅದಕ್ಕೆ ಮುಂಚೆ ಎಂದೂ ಕಂಡಿರಲಿಲ್ಲ. ಊರು ಬಿಟ್ಟು ಹೋದವರಿಗೆ ಮನೆ ದೂರ ಇರುತ್ತದೆ, ಅದೊಂದು ಪುಣ್ಯ. ನನಗೆ ಆ ಪುಣ್ಯವೂ ಇರಲಿಲ್ಲ.

ಪೆಟ್ಟಿಗೆ ಕೂಡ ನನ್ನಂತೆಯೇ ಕೊಳೆಯತೊಡಗಿತು. ಮೊದಲು ಕೊಬ್ಬರಿ ಮಿಠಾಯಿ ಕಮಟು ಹಿಡಿಯಿತು, ಆಮೇಲೆ ಚಕ್ಕುಲಿ ಮೆತ್ತಗಾಯಿತು. ವಾಪಸು ಮನೆಗೆ ಹೋಗುವಂತಿಲ್ಲವಲ್ಲ, ಎಲ್ಲವನ್ನೂ ನಾನೂ ಟೀಚರಮ್ಮನೂ ಕೂತು ತಿನ್ನಬೇಕು. ಖಾಲಿಯಾದ ಡಬ್ಬಕ್ಕೆ ಅವ್ವ ಹೊಸದಾಗಿ ಮಾಡಿ ಕಳಿಸುವಳು. ಅದನ್ನು ಮತ್ತೆ ಜೋಡಿಸುವುದು, ಅದೂ ಕೆಡುವುದು. ಒಂದು ದಿನ ಜಾಡಿಯ ಅರಗು ಬಿರಿದು ಉಪ್ಪಿನಕಾಯಿಯ ರಸ ನನ್ನ ಬಿಳೀ ಶೂಗಳ ಮೇಲೆ ಇಳಿದಿತ್ತು. ಡ್ಯೂಟಿಗೆಂದು ತೆಗೆದ ಹೊಸ ಶೂ. ಅವನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ ತಿಕ್ಕುತ್ತ ಅಳು ಬಂತು. ಯಾಕೆ ಬೇಕಿತ್ತು ಇದೆಲ್ಲ ಎಂದು ಆ ದಿನ ನಿಜವಾಗಿ ಅನ್ನಿಸಿತು.

ದೊಡ್ಡಪ್ಪ ಸಂತೆಗೆ ಬಂದಾಗಲೆಲ್ಲ ಬೀದಿಯಲ್ಲಿ ನಿಂತು ಹಡಗಿನ ಸಮಾಚಾರ ಕೇಳುತ್ತಿದ್ದರು. ಅವರು ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಕೂಗಾಡಲಿಲ್ಲ. ಕಿಟಕಿಯಿಂದ ಒಂದು ಕೊತ್ತಂಬರಿ ಸೊಪ್ಪಿನ ಕಟ್ಟನ್ನೋ ನಾಲ್ಕು ಸೀಬೆಹಣ್ಣನ್ನೋ ಒಳಗೆ ಚಾಚಿ, "ಸೊರಗೋಗಿದೀಯ ಕಣವ್ವ. ಬಂದ್ಬುಡು. ಬಾಗ್ಲು ತೆಗ್ದೇ ಅದೆ, ಯಾರೂ ಏನೂ ಅನ್ನಾಕಿಲ್ಲ," ಎನ್ನುತ್ತಿದ್ದರು. ಆ ದನಿಯಲ್ಲಿ ಮೋಸ ಇರಲಿಲ್ಲ, ಅದೇ ಕಷ್ಟ. ಮೂರು ಹೆಜ್ಜೆ ಇಟ್ಟರೆ ಅವ್ವನ ಮಡಿಲು, ನನ್ನ ಹಾಸಿಗೆ, ನನ್ನ ತಟ್ಟೆ. ಅದರ ಬೆಲೆಯಾಗಿ ಇಂಗ್ಲೆಂಡು ಹೋಗುತ್ತದೆ, ಇನ್ನೊಂದು ಸಲ ಬರುವುದಿಲ್ಲ. ಅಪ್ಪನಿಗೆ ಎರಡನೆಯ ಸಲ ಅಣ್ಣನ ಮುಂದೆ ನಿಲ್ಲುವ ಧೈರ್ಯ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಧನುರ್ಮಾಸ ಕಳೆದು ಸಂಕ್ರಾಂತಿ ಬಂತು. ಅವ್ವ ಹೊಸ ಸೀರೆ ಉಟ್ಟು ತಟ್ಟೆಯಲ್ಲಿ ಎಳ್ಳು ಬೆಲ್ಲ, ಕಬ್ಬಿನ ತುಂಡು ಇಟ್ಟುಕೊಂಡು ಬೀದಿಯ ಮನೆಗಳಿಗೆಲ್ಲ ಬೀರುತ್ತ ಬಂದಳು. ಟೀಚರಮ್ಮನಿಗೆ ಕೊಟ್ಟಳು. ಆಮೇಲೆ ನನ್ನ ಮುಂದೆ ನಿಂತು, ಪಕ್ಕದ ಮನೆಯವರಿಗೆ ಕೊಡುವ ಹಾಗೆಯೇ, ಎರಡು ಕೈಯಲ್ಲಿ ಎಳ್ಳಿನ ಪೊಟ್ಟಣ ಚಾಚಿದಳು. ಹೆತ್ತ ತಾಯಿ ನನಗೆ ಎಳ್ಳು ಬೀರಲು ಬಂದಿದ್ದಳು. ನಮ್ಮಿಬ್ಬರಿಗೂ ಅದು ಒಟ್ಟಿಗೇ ತಿಳಿದು, ಅವಳು ತಟ್ಟೆ ನೋಡುತ್ತ ನಿಂತಳು, ನಾನು ಪೊಟ್ಟಣ ನೋಡುತ್ತ ನಿಂತೆ. ಅಜ್ಜಿ ಹೇಗಿದ್ದಾಳೆ ಅಂದೆ. ಕೆಮ್ಮು ಅಂದಳು.

ಕೆಮ್ಮು ಹಬ್ಬದ ಮರುವಾರಕ್ಕೆ ಎದೆಗೆ ಇಳಿಯಿತು. ಡಾಕ್ಟರು ಬಂದು ನ್ಯುಮೋನಿಯ, ಆಸ್ಪತ್ರೆಗೆ ಸೇರಿಸಿ ಅಂದರು. ಆಸ್ಪತ್ರೆಗೆ ಹೋದವರು ಹೆಣವಾಗಿಯೇ ಬರುವುದು ಎಂದು ಅಜ್ಜಿ ಹಟ ಹಿಡಿದಳು. ಹಾಗಾದರೆ ಬೆಳಿಗ್ಗೆ ಸಂಜೆ ಪೆನಿಸಿಲಿನ್ ಚುಚ್ಚಬೇಕು, ಪಕ್ಕದಲ್ಲೇ ಒಬ್ಬರು ನೋಡಿಕೊಂಡು ಕೂರಬೇಕು ಎಂದು ಔಷಧಿ ಕೊಟ್ಟು ಹೋದರು. ಅವ್ವ ಗೇಟಿಗೆ ಓಡಿಬಂದು ನನ್ನನ್ನು ಕೂಗಿದಳು. ನಾನು ಪೆಟ್ಟಿಗೆಯನ್ನು ಹಾಗೆಯೇ ನೆಲಕ್ಕೆ ಬೋರಲು ಹಾಕಿದೆ. ಕೋಟು, ಪುಡಿ, ಡಬ್ಬ ಎಲ್ಲ ಚೆಲ್ಲಾಪಿಲ್ಲಿಯಾಗಿ, ತಳದಲ್ಲಿದ್ದ ಸಿರಿಂಜಿನ ಡಬ್ಬ ಕೈಗೆ ಬಂತು. ಅದನ್ನು ಹಿಡಿದುಕೊಂಡು ಬೀದಿ ದಾಟಿದೆ. ಊರಿಂದ ಸುದ್ದಿ ತಿಳಿದು ಬಂದಿದ್ದ ದೊಡ್ಡಪ್ಪ ಬಾಗಿಲಲ್ಲಿ ನಿಂತಿದ್ದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಒಳಗೆ ಬಾ ತಾಯಿ, ಹಡಗಿನ ಮಾತು ಆಮೇಲೆ ಅಂದರು. ಅವರ ಕಣ್ಣಲ್ಲಿ ನೀರಿತ್ತು. ಆಮೇಲೆ ಎಂಬುದು ಇರುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಒಳಗೆ ಹೋಗುವವಳೇ ಇದ್ದೆ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು.

ಒಳಗಿನಿಂದ ಅಜ್ಜಿಯ ದನಿ ಬಂತು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು.

"ಒಳೀಕೆ ಬಂದೀಯ, ಬರ್ಬ್ಯಾಡ. ಬಂದ್ರೆ ನಾನು ಸೂಜಿ ಚುಚ್ಚುಸ್ಕೊಳಾಕಿಲ್ಲ ಕಣೆ." ಆಮೇಲೆ ಮಗನಿಗೆ: "ನನ್ನೇ ಅಲ್ಲಿಗೆ ಎತ್ಕೊಂಡ್ ಹೋಗೋ."

ದೊಡ್ಡಪ್ಪ ಬಾಗಿಲಲ್ಲೇ ಕುಸಿದು ಕೂತರು. ತೊಂಬತ್ತು ಕಟ್ಟುಪಾಡು ಬಲ್ಲ ಮುದುಕಿ, ಗಂಡ ಕಣ್ಣು ಮುಚ್ಚಿದ ಮೇಲೆ ತನ್ನ ಹೆಣವೂ ಮಕ್ಕಳ ಮನೆಯಿಂದಲೇ ಹೋಗಬೇಕು ಎಂದು ನೆಂಟರ ಮನೆಯಲ್ಲಿ ಒಂದು ರಾತ್ರಿಯೂ ತಂಗದವಳು. "ಬ್ಯಾರೇವ್ರ ಮನೇಲಿ ಏನಾರ ಆಗ್ಬುಟ್ರೆ ಎಂಗವ್ವ?" ಎಂದರು. ಆದಾಗ ನೋಡಿಕೊಳ್ಳಿ ಎಂದಳು ಅಜ್ಜಿ.

ಎದುರುಮನೆಯ ಬಾಗಿಲಲ್ಲಿ ಟೀಚರಮ್ಮ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಂಟಿ ಹೆಂಗಸಿನ ಮನೆ. ಅಲ್ಲಿ ಸಾವಾದರೆ ಮುಂದೆ ಜನ ಏನೆಲ್ಲ ಆಡಿಕೊಳ್ಳುತ್ತಾರೆ ಎಂದು ಅವರಿಗೆ ತಿಳಿಯದ್ದಲ್ಲ. ಅವರು ಬಾಗಿಲಿನ ಎರಡು ರೆಕ್ಕೆಯನ್ನೂ ಪೂರ್ತಿ ತೆರೆದರು. ದೊಡ್ಡಪ್ಪ ತಾಯಿಯನ್ನು ಕಂಬಳಿಯಲ್ಲಿ ಸುತ್ತಿ, ಎರಡು ತೋಳಿನಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಬೀದಿ ದಾಟಿದರು. ಕಾಲು ತೊಳೆಯಿರಿ ಎಂದು ಟೀಚರಮ್ಮ ಹೇಳಲಿಲ್ಲ.

ಪೆಟ್ಟಿಗೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿ ಅಜ್ಜಿಯ ಮಂಚದ ಪಕ್ಕಕ್ಕೆ ಎಳೆದೆ. ಅದೇ ನನ್ನ ಮೇಜಾಯಿತು. ಅದರ ಮೇಲೆ ಸ್ಟೊವ್ ಇಟ್ಟು ಸಿರಿಂಜು ಕುದಿಸಿದೆ. ಮೊದಲ ದಿನ ಅಜ್ಜಿಯ ತೋಳು ಹಿಡಿದುಕೊಂಡ ದೊಡ್ಡಪ್ಪ ಮುಖ ಆಚೆ ತಿರುಗಿಸಿದರು. ಆಮೇಲಾಮೇಲೆ ಹೊತ್ತಿಗೆ ಸರಿಯಾಗಿ ತಾವೇ ನೀರು ಕಾಯಿಸಿ ಕಾಯುತ್ತಿದ್ದರು. ಸೂಜಿ ಇಳಿಯುವುದನ್ನು ನೋಡುತ್ತಿದ್ದರು, ನನ್ನ ಕೈಯನ್ನೂ ನೋಡುತ್ತಿದ್ದರು. ಮೈ ಮುಟ್ಟುವ ಕೆಲಸ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ. ಜ್ವರ ಇಳಿಯುವವರೆಗೂ ನನಗೆ ಭಯವಾಗಿತ್ತು. ಆಸ್ಪತ್ರೆಯಲ್ಲಿ ಸಾವು ಕಂಡವಳೇ ನಾನು, ಆದರೆ ಅಜ್ಜಿಯ ಎದೆಯ ಗೊರಗೊರ ಕೇಳಿದರೆ ಔಷಧಿಯನ್ನು ಎರಡೆರಡು ಸಲ ಅಳೆದು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕುಡಿಸುವಾಗ ಕೇಳಿಯೇಬಿಟ್ಟೆ. ಒಂದು ಗಂಟು ಇಟ್ಟಿದ್ದರೆ ಸಾಕಾಗಿತ್ತಲ್ಲ, ನನ್ನನ್ನು ಯಾಕೆ ಈ ಬೋನಿಗೆ ತಳ್ಳಿದೆ ಎಂದು. ಇಷ್ಟು ದಿನದ ಸಿಟ್ಟೆಲ್ಲ ಆ ಮಾತಿನಲ್ಲಿತ್ತು. ಅಜ್ಜಿ ಚಮಚ ಪಕ್ಕಕ್ಕೆ ಸರಿಸಿದಳು.

"ಮನೇಲಿದ್ದಿದ್ರೆ ನಿನ್ನ ಯಾರೂ ಬುಡ್ತಿರ್ಲಿಲ್ಲ ಮಗ. ನಿಮ್ಮವ್ವ ಒಂದಿನ ಅಳ್ತಿದ್ಲು, ನಿಮ್ಮಪ್ಪ ಒಂದಿನ ಸಪ್ಪಗಾಗ್ತಿದ್ದ, ನೀನು ಉಳ್ಕೊಂಬುಡ್ತಿದ್ದೆ." ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಅವ್ರ ಮಾತು ಯಾಕೆ, ನಾನೇ ಬುಡ್ತಿರ್ಲಿಲ್ಲ," ಎಂದಳು. ಆಮೇಲೆ ಗಂಜಿ ತಣ್ಣಗಾಯಿತು ಎಂದು ಬೈದಳು.

ಹಡಗು ಬಂತು, ಹೊರಡಿ ಎಂದು ಮುಂದಿನ ತಂತಿ ಬಂದಾಗ ಅವಳು ಗೋಡೆಗೆ ಒರಗಿ ಕೂರುವಷ್ಟಾಗಿದ್ದಳು. ಕೊನೆಯ ಸಲ ಪೆಟ್ಟಿಗೆ ಕಟ್ಟಿಸಿದ್ದು ಅವಳೇ, ಮಂಚದ ಮೇಲಿಂದ. ಇದ್ಯಾಕೆ, ಅದ್ಯಾಕೆ ಎಂದು ಅರ್ಧಕ್ಕರ್ಧ ತೆಗೆಸಿದಳು. ಚಕ್ಕುಲಿ ಹೋಯಿತು, ಹುರಿಹಿಟ್ಟು ಹೋಯಿತು. ಉಪ್ಪಿನಕಾಯಿಯ ಜಾಡಿಗೆ ಹೊಸ ಅರಗು ಹಾಕಿಸಿದಳು. ಬ್ಯಾಂಡಿನ ಕೋಟು ಹಾಕಿಕೊಂಡು ತೋರಿಸು ಅಂದಳು, ತೋರಿಸಿದೆ, ಕೆಮ್ಮು ಬರುವಷ್ಟು ನಕ್ಕಳು. ಸಿರಿಂಜಿನ ಡಬ್ಬವನ್ನು ಮಾತ್ರ ತಳಕ್ಕೆ ಹಾಕಬೇಡ, ಮೇಲೆ ಇಡು ಎಂದಳು. ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇವೆ ಎಂದು ಅಪ್ಪ ಎಷ್ಟು ಕೇಳಿದರೂ ಕದಲಲಿಲ್ಲ. ಹುಡುಗಿ ಹೊರಡಲಿ, ಆಮೇಲೆ ನಾನು ಎಂದು ಹಟ.

ಅರಸೀಕೆರೆಯ ರೈಲಿಗೆ ಜಟಕಾ ಬಂತು. ಈ ಸಲ ಬೀದಿಯವರು ಯಾರೂ ಹೂವು ತರಲಿಲ್ಲ; ನಾನು ನಿಜವಾಗಿ ಹೊರಟೆನೆಂದು ಯಾರೂ ನಂಬಿರಲಿಲ್ಲ. ಅಜ್ಜಿ ಮಂಚದ ಮೇಲೆ ಕೂತೇ ನನ್ನ ತಲೆಯ ಮೇಲೆ ಕೈಯಿಟ್ಟಳು. ತಿರುಗಿ ನೋಡಬೇಡ ಅಂದಳು. ಜಟಕಾ ಬೀದಿಯ ಕೊನೆ ಮುಟ್ಟಿದಾಗ ನಾನು ತಿರುಗಿ ನೋಡಿದೆ. ದೊಡ್ಡಪ್ಪ ಅವಳನ್ನು ಎತ್ತಿಕೊಂಡು ಬೀದಿ ದಾಟುತ್ತಿದ್ದರು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಮೆಟ್ಟಿಲು ನೋಡಿ ನಡಿ ಎಂದು ಮಗನಿಗೆ ಕೈ ತೋರಿಸುತ್ತಿದ್ದಳು.

ಅಜ್ಜಿ ಹೋದ ಸುದ್ದಿ ನನಗೆ ಎರಡನೆಯ ವರ್ಷ ಅಲ್ಲಿಗೆ ಬಂತು. ಅವಳು ಬಯಸಿದಂತೆ ಅವಳ ಮನೆಯಲ್ಲೇ ಹೋಗಿದ್ದಳು. ತರಬೇತಿ ಮುಗಿಸಿ ನಾನು ಬಂದಿಳಿದಾಗ ನಮ್ಮ ಮನೆಯ ಗೇಟಿನಲ್ಲಿ ನಿಂತಿದ್ದವರು ದೊಡ್ಡಪ್ಪ. ಮುದುಕರಾಗಿದ್ದರು. ನನ್ನ ಪೆಟ್ಟಿಗೆಯನ್ನು ತಾವೇ ಇಳಿಸಿಕೊಂಡು, ಈಗ ಬಾ ತಾಯಿ ಅಂದರು. ಮೆಟ್ಟಿಲು ಹತ್ತಿ ಹೊಸಿಲ ಹತ್ತಿರ ನಿಂತೆ. ಅಡುಗೆಮನೆಯ ಬಾಗಿಲು ಅಲ್ಲಿಂದ ಕಾಣುತ್ತಿತ್ತು. ಆ ಜಾಗದಲ್ಲಿ ಅಜ್ಜಿಯನ್ನು ನಾನು ಕೊನೆಯದಾಗಿ ಕಂಡದ್ದು ಪರಸ್ಥಾನದ ಬೆಳಿಗ್ಗೆ, ಅದೂ ಸಿಟ್ಟಿನಲ್ಲಿ ಸರಿಯಾಗಿ ನೋಡಿರಲಿಲ್ಲ. ಒಳಗೆ ಬರಬೇಡ ಎನ್ನುವವರು ಈಗ ಅಲ್ಲಿ ಯಾರೂ ಇರಲಿಲ್ಲ. ನಾನು ಹೊಸಿಲ ಮೇಲೇ ಕೂತುಬಿಟ್ಟೆ. ಹೊಸಿಲ ಮೇಲೆ ಕೂರಬಾರದು ಎಂದು ಯಾರೂ ಹೇಳಲಿಲ್ಲ.